ಅಲ್ಲಾಬಕ್ಷ ಒಡೆದ ತಪ್ಪಿನ ಕಾಯಿ

ಬ್ಯಾಡಗಿಯಲ್ಲಿ ಬೆಳಕಿನ ಕೆಲಸ ಮಾಡಿಕೊಂಡು ಬಂದ ಮನೆತನ ಅಂದರೆ ಹಜರತಅಲಿಯ ಮನೆತನ. ಹಜರತಅಲಿಯ ಅಪ್ಪ ಮೆರವಣಿಗೆಗಳ ಮುಂದೆ ದೀವಟಿಗೆ ಹಿಡಿದು ನಡೆದವನು. ಕಾದ ಎಣ್ಣೆ ಮುಂಗೈ ಮೇಲೆ ಇಳಿದರೂ ದೀವಟಿಗೆ ಇಳಿಸದವನು ಎಂದು ಹೆಸರು ಪಡೆದಿದ್ದ. ಹಜರತಅಲಿಯ ಕಾಲಕ್ಕೆ ಗ್ಯಾಸ್‌ಬತ್ತಿ ಬಂತು. ಮದುವೆ ಇರಲಿ, ದೊಡ್ಡಾಟ ಇರಲಿ, ಹೆಣದ ಮುಂದಿನ ಭಜನೆ ಇರಲಿ, ಅವನ ಬತ್ತಿ ಭುಸುಗುಟ್ಟಿದ ಮೇಲೆಯೇ ಊರಿನ ಕಾರ್ಯಗಳು ಶುರುವಾಗುತ್ತಿದ್ದವು. ಒಮ್ಮೆ ಮದುವೆಯ ಹಂದರದಲ್ಲಿ ಬತ್ತಿಯೊಂದು ಭಗ್ಗೆಂದು ಹೊತ್ತಿಕೊಂಡಾಗ, ಅದನ್ನು ಎದೆಗೆ ಅವಚಿಕೊಂಡು ಹೊರಗೆ ಓಡಿ ಬಯಲಿಗೆ ಎಸೆದ. ಹಂದರ ಉಳಿಯಿತು, ಮದುವೆ ನಡೆಯಿತು. ಹಜರತಅಲಿಯ ಎದೆಯ ಚರ್ಮ ಮಾತ್ರ ಸಾಯುವ ತನಕ ಸುಟ್ಟ ರೊಟ್ಟಿಯ ಹಾಗೆ ಇತ್ತು. ಅವನ ಮಗ ಯೂಸುಫಸಾಬ ತಂತಿಯ ಕಾಲದವನು. ಕರೆಂಟು ಅಂದರೆ ಜನ ಮಾರು ದೂರ ಸರಿಯುತ್ತಿದ್ದ ದಿನಗಳಲ್ಲಿ ಅವನು ಖಾರದ ಗಿರಣಿಗಳಿಗೆ ಮೋಟಾರು ಕೂರಿಸಿದ. ಎಣ್ಣೆ ಎಂಜಿನ್ನಿನ ಹೊಗೆ ಕುಡಿದು ಕೆಮ್ಮುತ್ತಿದ್ದ ಗಿರಣಿಯವರು ಅವನಿಗೆ ಕೈಮುಗಿದರು.

ಯೂಸುಫಸಾಬನ ಮಗ ಅಲ್ಲಾಬಕ್ಷ. ಈ ಕತೆ ಅವನದು.

ಅಲ್ಲಾಬಕ್ಷ ಶಾಲೆಯಲ್ಲಿ ಹೆಚ್ಚು ದಿನ ಕೂರಲಿಲ್ಲ. ಅಪ್ಪನ ಹಿಂದೆ ಇಕ್ಕಳ ಹಿಡಿದು ತಿರುಗಿ ಕೆಲಸ ಕಲಿತ. ಮೀಸೆ ಬಂದ ಮೇಲೆ ಊರಿನ ಅರ್ಧ ಗಿರಣಿಗಳ ತಂತಿ ಅವನ ಕೈಯಲ್ಲೇ ಇತ್ತು. ಅವುಗಳಲ್ಲೆಲ್ಲ ಅವನಿಗೆ ತನ್ನದು ಅನ್ನಿಸುತ್ತಿದ್ದದ್ದು ಪ್ರಭುಲಿಂಗಪ್ಪನ ಗಿರಣಿ. ಪ್ರಭುಲಿಂಗಪ್ಪ ಅವನಿಗಿಂತ ಎರಡು ಮಳೆಗಾಲ ದೊಡ್ಡವನು. ಒಂದೇ ಓಣಿ, ಒಂದೇ ಗೋಲಿಗುಂಡಿನ ಆಟ. ಹೊಸ ಗಿರಣಿ ಕಟ್ಟಿಸಿದಾಗ ಅವನು ಬೇರೆ ಯಾರನ್ನೂ ಕೇಳಲಿಲ್ಲ. ಅಲ್ಲಾಬಕ್ಷ ಗೋಡೆಯ ಹಿಂದೆ ತಾನೇ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಸೋರಿದ ಕರೆಂಟು ನೆಲಕ್ಕೆ ಇಳಿದುಹೋಗಲೆಂದು ಅರ್ಥಿಂಗಿನ ತಗಡು ಇಳಿಸಿದ. "ಪ್ರಭಣ್ಣ, ಇನ್ನ ನಿನ್ನ ಮೋಟರ್ ತಬ್ಬಿಕೊಂಡು ಮಲಗಿದ್ರೂ ಏನೂ ಆಗಂಗಿಲ್ಲ" ಅಂದಿದ್ದ. "ನಿಮ್ಮ ವೈನಿ ಬಿಟ್ಟು ಮೋಟರ್ ಯಾಕ ತಬ್ಬಲೋ ಮಗನ" ಎಂದು ಪ್ರಭುಲಿಂಗಪ್ಪ ಹೊಟ್ಟೆ ಹಿಡಿದು ನಕ್ಕಿದ್ದ.

ಆ ಗಿರಣಿಗಳಲ್ಲಿ ಒಂದು ಪದ್ಧತಿ ಇತ್ತು. ಮಹಾನವಮಿಯ ಖಂಡೇಪೂಜೆಯ ದಿನ ಯಂತ್ರಕ್ಕೆ ಪೂಜೆ ಆದ ಮೇಲೆ, ಮಾಲೀಕ ಸ್ವಿಚ್ಚು ಮುಟ್ಟುವಂತಿಲ್ಲ. ಮೋಟಾರು ಕೂರಿಸಿದ ಮೇಸ್ತ್ರಿಯೇ ಬಂದು ಚಾಲೂ ಮಾಡಬೇಕು. ಅವನಿಗೊಂದು ಶಲ್ಯ ಹೊದಿಸಿ, ಮೊದಲ ಎಡೆ ಅವನ ಮುಂದೆ ಇಡಬೇಕು. ಯೂಸುಫಸಾಬನಿಗೆ ಹೊದಿಸಿದ್ದ ಶಲ್ಯಗಳನ್ನು ಮನೆಯಲ್ಲಿ ಪೆಟ್ಟಿಗೆಗೆ ಹಾಕಿಟ್ಟಿದ್ದರು. ಅಲ್ಲಾಬಕ್ಷ ತನಗೆ ಬಂದದ್ದನ್ನು ಹೊದ್ದುಕೊಂಡೇ ಪೇಟೆಯಲ್ಲಿ ತಿರುಗುತ್ತಿದ್ದ. ಅಷ್ಟು ಜಂಬ ಅವನಿಗೆ. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಅಷ್ಟೂ ಬೇಡವೆಂದರೆ ಹೇಗೆ?

ಪ್ರಭುಲಿಂಗಪ್ಪ ಮೊದಲ ಸಲ ಬಿದ್ದದ್ದು ಮೆಣಸಿನಕಾಯಿ ಹಂಗಾಮಿನ ನಡುಮಧ್ಯೆ. ಗಿರಣಿ ತುಂಬ ಜನ, ಕೆಂಪು ಘಾಟು. ಸ್ಟಾರ್ಟರಿನ ಹತ್ತಿರ ನಿಂತು ಮಾತಾಡುತ್ತಿದ್ದವನು ಮಾತು ಅರ್ಧಕ್ಕೇ ಬಿಟ್ಟು, ಕಡಿದ ಬಾಳೆಯ ಹಾಗೆ ಕುಸಿದ. ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ನೀರು ತರುವಷ್ಟರಲ್ಲಿ ತಾನೇ ಕಣ್ಣು ಬಿಟ್ಟ. ಬೆಳ್ಳಗಿದ್ದ ಮುಖಕ್ಕೆ ರಕ್ತ ನುಗ್ಗಿ ಕೆಂಪಗಾಯಿತು. "ಯಾಕ್ರಲೇ, ಎಲ್ಲಾರೂ ನನ್ನ ಮಾರಿ ನೋಡಾಕತ್ತೀರಿ?" ಎಂದು ಕೇಳಿದ.

"ಕರೆಂಟ್ ಹೊಡೀತು" ಅಂದರು ಯಾರೋ. ಒಬ್ಬ ಅಂದದ್ದೇ ತಡ, ಹತ್ತು ಜನ ಕಣ್ಣಾರೆ ಕಂಡವರಾದರು. ಕಿಡಿ ಹಾರಿತು ಅಂದವರೂ ಇದ್ದರು. ಮನುಷ್ಯ ಸ್ಟಾರ್ಟರಿನ ಪಕ್ಕದಲ್ಲಿ ಬಿದ್ದರೆ ಬ್ಯಾಡಗಿಯಲ್ಲಿ ಅದಕ್ಕೆ ಇನ್ನೊಂದು ಕಾರಣ ಹುಡುಕುವವರು ಯಾರು?

ಅಲ್ಲಾಬಕ್ಷ ಓಡಿ ಬಂದ. ಟೆಸ್ಟರು ಹಚ್ಚಿ ಮೋಟಾರು, ಸ್ಟಾರ್ಟರಿನ ಪೆಟ್ಟಿಗೆ, ಗೋಡೆ, ಬಾಗಿಲ ಚಿಲಕ ಸಹ ನೋಡಿದ. ಎಲ್ಲಿಯೂ ಸೋರಿಕೆ ಇಲ್ಲ. ಬರಿಗೈ ಹಚ್ಚಿ ತೋರಿಸಿದ. "ನಿನಗ ಹೊಡಿಯಂಗಿಲ್ಲ ಬಿಡು, ನಿನಗೂ ಅದಕ್ಕೂ ದೋಸ್ತಿ ಐತಿ" ಎಂದು ಹಮಾಲನೊಬ್ಬ ಅಂದ. ಜನ ನಕ್ಕರು. ಆ ದಿನ ಅಲ್ಲಾಬಕ್ಷನೂ ನಕ್ಕ.

ಎರಡನೆಯ ಸಲ ಬಿದ್ದಾಗ ಯಾರೂ ನಗಲಿಲ್ಲ. ಪ್ರಭುಲಿಂಗಪ್ಪನ ಹಣೆ ಯಂತ್ರದ ಮೂಲೆಗೆ ಬಡಿದು ಸೀಳಿತು. ಅವನ ಹೆಂಡತಿ ಗದಿಗೆವ್ವ ಸೆರಗಿನಿಂದ ರಕ್ತ ಒರೆಸುತ್ತ, ಅಲ್ಲಾಬಕ್ಷನ ಕಡೆ ನೋಡಿ, "ನನ್ನ ಕೊಳ್ಳಾಗಿನ ತಾಳಿ ಹರೀತಿತ್ತಲ್ಲೋ ತಮ್ಮಾ" ಅಂದಳು. ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮಾರನೆಯ ದಿನ ಹಾವೇರಿಯಿಂದ ಬೇರೊಬ್ಬ ವೈರ್‌ಮ್ಯಾನ್ ಬಂದ. ಅಲ್ಲಾಬಕ್ಷ ಎಳೆದಿದ್ದ ತಂತಿಯನ್ನೆಲ್ಲ ಕಿತ್ತು ಅಂಗಳಕ್ಕೆ ಒಗೆದ, ಅರ್ಥಿಂಗಿನ ಗುಂಡಿ ಬೇರೆ ತೋಡಿದ. ಅದಾದ ಮೇಲೆ ತಿಂಗಳುಗಳು ಉರುಳಿದವು. ಪ್ರಭುಲಿಂಗಪ್ಪ ಗಿರಣಿಯಲ್ಲಿ ಮತ್ತೆ ಬೀಳಲಿಲ್ಲ. ಇನ್ನೇನು ಬೇಕು? ಇಡೀ ಊರಿಗೆ ಸಾಕ್ಷಿ ಸಿಕ್ಕಂತಾಯಿತು. ಚಹದಂಗಡಿಯಲ್ಲಿ ಅಲ್ಲಾಬಕ್ಷ ಕಪ್ಪು ಕೆಳಗಿಟ್ಟರೆ, "ಏ, ಟೇಬಲ್ ಮುಟ್ಟಬ್ಯಾಡ್ರಪೋ, ಅಲ್ಲಾಬಕ್ಷ ಮುಟ್ಟ್ಯಾನ" ಎಂದು ಕೈ ಹಿಂದೆಗೆಯುವ ಆಟ ಶುರುವಾಯಿತು. ಅವನ ಗಿರಾಕಿಗಳು ಒಬ್ಬೊಬ್ಬರಾಗಿ ಸರಿದರು.

ಎಲ್ಲಕ್ಕಿಂತ ಕೆಟ್ಟದ್ದು ಎಂದರೆ ಅವನಿಗೆ ಅವನ ಮೇಲೇ ಅನುಮಾನ ಬಂತು. ಊಟಕ್ಕೆ ಕೂತರೆ ತುತ್ತು ಕೈಯಲ್ಲಿ, ಕಣ್ಣು ಗೋಡೆಯಲ್ಲಿ. ಯಾವ ಕೀಲು ಸಡಿಲ ಬಿಟ್ಟೆ? ಯಾವ ಟೇಪು ಸುತ್ತುವಾಗ ಮಾತಾಡುತ್ತ ಕೂತೆ? ಹೆಂಡತಿ ಶರೀಫಾಬಿ ರೇಗುತ್ತಿದ್ದಳು: "ನೀವು ಮುಟ್ಟಿ ತೋರಿಸೀರಿ, ಟೆಸ್ಟರ್ ಹಚ್ಚೀರಿ. ಮತ್ತ್ಯಾಕ ಕಳ್ಳನ್ಹಂಗ ಕುಂತೀರಿ?" ಅವನು ಅನ್ನುತ್ತಿದ್ದ: "ನನ್ನ ತಂತಿ ಕಿತ್ತ ಮ್ಯಾಲ ಅಂವ ಬಿದ್ದಿಲ್ಲ ಶರೀಫಾ. ಇದಕ್ಕ ಏನಂತಿ?"

ಮಹಾನವಮಿ ಬಂತು. ಹಿರಿಯರು ಕೂಡಿದರು. ಕರೆಂಟೇ ಹೊಡೆದದ್ದು ಎಂದು ಪ್ರಭುಲಿಂಗಪ್ಪ ಅವರ ಮುಂದೆ ಹೇಳಿದ ಮೇಲೆ ಒಂದು ದಾರಿ ಹೇಳಿದರು. ಯಂತ್ರದ ಮುಂದೆ ತಪ್ಪಿನ ಕಾಯಿ ಒಡೆಯಬೇಕು. ಗಿರಣಿಯ ಕೆಲಸದಲ್ಲಿ ಯಾರ ಕೈತಪ್ಪಿನಿಂದಲಾದರೂ ಇನ್ನೊಬ್ಬನ ರಕ್ತ ಬಿದ್ದರೆ, ಅವನು ಎಲ್ಲರ ಮುಂದೆ "ತಪ್ಪು ನಂದು" ಎಂದು ಹೇಳಿ ತೆಂಗಿನಕಾಯಿ ಒಡೆಯುವುದು ಅಲ್ಲಿಯ ರೂಢಿ. ಒಡೆದರೆ ಮಾತು ಅಲ್ಲಿಗೇ ಮುಗಿಯಬೇಕು, ಯಾರೂ ಮತ್ತೆ ಎತ್ತಬಾರದು. ಅಲ್ಲಾಬಕ್ಷ ಅದನ್ನು ನಂಬಿದ. ಒಮ್ಮೆ ಒಡೆದುಬಿಟ್ಟರೆ ಊರು ಮರೆಯುತ್ತದೆ, ಮರುವರ್ಷ ಶಲ್ಯ ಮತ್ತೆ ಬರುತ್ತದೆ ಅಂದುಕೊಂಡ. ಇಡೀ ಬಾಳಿನಲ್ಲಿ ಅವನು ಮಾಡಿದ ಒಂದೇ ಒಂದು ಖರೇ ತಪ್ಪು ಅದು. ಮಾಡದ ತಪ್ಪನ್ನು ತನ್ನ ಬಾಯಿಂದಲೇ ಒಪ್ಪಿಕೊಂಡ.

"ತಪ್ಪು ನಂದು ಪ್ರಭಣ್ಣ" ಎಂದು ಕಾಯಿ ಒಡೆದ. ಪ್ರಭುಲಿಂಗಪ್ಪ ಬೆನ್ನ ಮೇಲೆ ಕೈ ಇಟ್ಟು, "ಹೋಗ್ಲಿ ಬಿಡೋ" ಅಂದ. ಅಂದವನು ಸ್ವಿಚ್ಚು ಹಾಕಲು ಹಾವೇರಿಯವನನ್ನು ಕರೆದ.

ಮಾತು ಮುಗಿಯಲಿಲ್ಲ, ಗಟ್ಟಿಯಾಯಿತು. ಮೊದಲು ಅನುಮಾನಪಟ್ಟೂ ಕೆಲಸ ಕೊಡುತ್ತಿದ್ದ ಗಿರಾಕಿಗಳೂ, ಈಗ ಅವನೇ ಒಪ್ಪಿಕೊಂಡಿದ್ದಾನಲ್ಲ ಎಂದು ಬಿಟ್ಟರು. ಕೆಲಸ ಇಲ್ಲದೆ ಕೂತವನು ಕೊನೆಗೆ ಹೆಂಡತಿಯನ್ನೂ ಮಗಳು ಹಾಜಿರಾಬಿಯನ್ನೂ ಕರೆದುಕೊಂಡು ರಾಣೇಬೆನ್ನೂರಿಗೆ ಬಂದ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಇಸ್ತ್ರಿಗಾಡಿ ಹಾಕಿಕೊಂಡ. ಕೆಂಡದ ಇಸ್ತ್ರಿಪೆಟ್ಟಿಗೆ. ಪಕ್ಕದ ಅಂಗಡಿಯವನು, "ಚಾಚಾ, ನನ್ನ ಮೀಟರಿನಿಂದ ವೈರ್ ಎಳಕೋರಿ, ಕರೆಂಟಿನ ಪೆಟಿಗಿ ತರ್ರಿ" ಅಂದರೆ, "ಒಲ್ಲೆಪಾ, ನನಗ ಕರೆಂಟಿನ ಹೆದರಿಕಿ" ಅನ್ನುತ್ತಿದ್ದ. ಮೂರು ತಲೆಮಾರು ಬೆಳಕು ಹಿಡಿದವರ ಮನೆಯವನು ಹೀಗೆ ಬೂದಿ ಊದುತ್ತ ಕೂತ. ಹಾಜಿರಾಬಿಯ ಮದುವೆಯಾಯಿತು, ತಲೆ ನರೆಯಿತು. ತಪ್ಪು ಮಾತ್ರ ಅವನ ಜೊತೆಯಲ್ಲೇ ಮುದಿಯಾಯಿತು.

ಹೋದ ವರ್ಷ ಬೇಸಿಗೆಯಲ್ಲಿ, ಮದುವೆಗೆಂದು ರಾಣೇಬೆನ್ನೂರಿಗೆ ಬಂದಿದ್ದ ಪ್ರಭುಲಿಂಗಪ್ಪ ಆ ಗಾಡಿಯ ಮುಂದೆ ಬಂದು ನಿಂತ. ಕೈಯಲ್ಲಿ ಮುದುಡಿದ ಅಂಗಿ. ಗದಿಗೆವ್ವ ನೆರಳಿಗೆ ಹಿಂದೆ ನಿಂತಿದ್ದಳು.

"ಏನಲೇ ಬಕ್ಷ್ಯಾ, ಗುರುತು ಸಿಗಲಿಲ್ಲೇನು?"

ಅಲ್ಲಾಬಕ್ಷ ಪೆಟ್ಟಿಗೆ ಎತ್ತಿಟ್ಟ. "ನಿನ್ನ ಮರಿತೀನೇನು ಪ್ರಭಣ್ಣ. ಬಾ, ಸ್ಟೂಲ್ ಮ್ಯಾಲ ಕುಂದರು."

"ಒಲ್ಲೆಪಾ, ನಿನ್ನ ಸ್ಟೂಲಿನ್ಯಾಗ ಕರೆಂಟ್ ಇದ್ದೀತು" ಎಂದು ಪ್ರಭುಲಿಂಗಪ್ಪ ನಕ್ಕ. ಹಳೆಯ ಗೆಳೆಯನಲ್ಲವೇ, ಚೇಷ್ಟೆ ಮಾಡುವ ಹಕ್ಕು ತನಗಿದೆ ಅಂದುಕೊಂಡಿದ್ದ. ಆ ನಗು ತುಟಿಯಲ್ಲಿ ಇರುವಾಗಲೇ ಕಣ್ಣುಗಳು ಮೇಲಕ್ಕೆ ಹೋದವು. ಅಂಗಿ ಕೈಯಿಂದ ಜಾರಿತು. ಬೇವಿನ ಮರದ ಕೆಳಗೆ, ಬರಿ ಮಣ್ಣಿನ ಮೇಲೆ, ದೊಪ್ಪನೆ ಬಿದ್ದ.

ಅದೇ ಬೆಳ್ಳನೆಯ ಮುಖ. ಅಲ್ಲಾಬಕ್ಷ ಮೊಣಕಾಲೂರಿ ಅವನ ಕೈ ಹಿಡಿದ. ನಾಡಿ ಇಲ್ಲ ಎನ್ನುವಷ್ಟರಲ್ಲಿ ಒಂದು ಬಡಿತ, ಬಹಳ ಹೊತ್ತಿಗೆ ಇನ್ನೊಂದು. ತಲೆ ಎತ್ತಿ ಸುತ್ತ ನೋಡಿದ. ಕಂಬ ಇಲ್ಲ, ತಂತಿ ಇಲ್ಲ, ಸ್ವಿಚ್ಚಿಲ್ಲ. ಆಟೋದವನನ್ನು ಕೂಗಿ, ಉರಿಯುವ ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು, ಪ್ರಭುಲಿಂಗಪ್ಪನನ್ನು ತೊಡೆಯ ಮೇಲೆ ಮಲಗಿಸಿಕೊಂಡು ದವಾಖಾನೆಗೆ ಒಯ್ದ.

ಡಾಕ್ಟರು ಪದ್ಮಜಾ ಎಂಬ ಹೆಣ್ಣುಮಗಳು. ಎದೆಗೆ ಬಿಲ್ಲೆ ಹಚ್ಚಿ ಇಸಿಜಿ ತೆಗೆದಳು. ಚೀಟಿ ನೋಡುತ್ತಿದ್ದಂತೆ ಅವಳ ಹುಬ್ಬು ಗಂಟಾಯಿತು.

"ಹೃದಯದ ಮೇಲಿನ ಭಾಗದಿಂದ ಕೆಳಗಿನ ಭಾಗಕ್ಕೆ ಬಡಿ ಅಂತ ಸೂಚನೆ ಹೋಗಬೇಕು. ಇವರಿಗೆ ಅದು ನಡುವೇ ನಿಲ್ಲಾಕತ್ತೇತಿ. ಕೆಳಗಿನ ಭಾಗ ತನ್ನಷ್ಟಕ್ಕ ತಾನ ನಿಧಾನ ಬಡಿತೇತಿ. ಆಗಾಗ ಪೂರಾ ನಿಂತು ತಲಿಗೆ ರಕ್ತ ಹೋಗಂಗಿಲ್ಲ, ಮನುಷ್ಯಾ ಬೀಳ್ತಾನ. ಪೇಸ್‌ಮೇಕರ್ ಹಾಕಸ್ಬೇಕು, ತಡ ಮಾಡಬ್ಯಾಡ್ರಿ. ಹುಬ್ಬಳ್ಳಿಗೆ ಬರ್ದ ಕೊಡ್ತೀನಿ. ಮೊದಲ ಯಾವಾಗರೆ ಬಿದ್ದಿದ್ರೇನು?"

ಅಲ್ಲಾಬಕ್ಷನೇ ಮುಂದೆ ಬಂದ. "ಬಿದ್ದಿದ್ದಾರ್ರಿ ಡಾಕ್ಟರ್ ಬಾಯಾರ. ಭಾಳ ಹಿಂದ, ಗಿರಣ್ಯಾಗ. ಅದು ಕರೆಂಟ್ ಹೊಡದು ಬಿದ್ದದ್ದು ಅಂತ..."

"ಕೈಯಾಗ, ಕಾಲಾಗ ಸುಟ್ಟ ಗಾಯ ಇತ್ತೇನು?"

"ಇರಲಿಲ್ರಿ."

"ಬಿದ್ದಾಗ ಮುಖ ಬೆಳ್ಳಗ, ಎದ್ದಾಗ ಕೆಂಪಗ?"

"ಹೌದ್ರಿ."

"ಹಂಗಾದ್ರ ಅದೂ ಇದ ಇದ್ದೀತು. ಶಾಕ್ ಹೊಡದ ಲಕ್ಷಣ ಅಲ್ಲ ಅದು. ಈ ರೋಗ ಕೆಲವರಿಗೆ ವರ್ಷಗಟ್ಟಲೆ ಬಂದು ಹೋಗಿ ಮಾಡತೇತಿ. ತಿಂಗಳಗಟ್ಟಲೆ ಬೀಳಂಗಿಲ್ಲ, ಮತ್ತ ಒಮ್ಮೆಲೆ ಬೀಳ್ತಾರ. ಗಿರಣಿ ಬಿಟ್ಟು ಬ್ಯಾರೆ ಕಡೆ ಬಿದ್ದಿಲ್ಲೇನು?"

ಗದಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ಮತ್ತೆ ಕೇಳಿದಾಗ ಮಾತು ಹೊರಬಿತ್ತು. "ಬಿದ್ದಾರ್ರೆವ್ವಾ. ಹೊಲದ ಬದುವಿನ ಮ್ಯಾಲ ಬಿದ್ರು. ಬಚ್ಚಲದಾಗ ಬಿದ್ರು. ಕರ್ಜಗಿಯಾಗ ನನ್ನ ತವರುಮನಿ ಕಟ್ಟಿಮ್ಯಾಲ ಬಿದ್ರು. ಪಿತ್ತ ಅಂದ್ವಿ, ಉಪವಾಸ ಇದ್ರು ಅಂದ್ವಿ. ಮುಂದ ಮಗಗ ಕನ್ಯಾ ನೋಡೂ ಹೊತ್ತಿನ್ಯಾಗ ಮೂರ್ಛಿ ರೋಗದ ಮನಿ ಅಂತ ಹೆಸರು ಬರಬಾರದಂತ ಯಾರ ಮುಂದೂ ಹೇಳಲಿಲ್ಲ."

"ಯಾವಾಗ ವೈನಿ?" ಅಲ್ಲಾಬಕ್ಷನ ಧ್ವನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು. "ನಾ ಕಾಯಿ ಒಡಿಯೂಕಿಂತ ಮೊದಲೋ, ಆಮ್ಯಾಲೋ?"

ಗದಿಗೆವ್ವ ಅವನ ಮುಖ ನೋಡಲಿಲ್ಲ. "ಬದುವಿನ ಮ್ಯಾಲ ಬಿದ್ದದ್ದು ಮೊದಲ ತಮ್ಮಾ. ಉಳಿದದ್ದು ಆಮ್ಯಾಲ."

ದವಾಖಾನೆಯ ಬೆಂಚಿನ ಮೇಲೆ ಅವನು ಕೂತ. ಬದುವಿನ ಮೇಲೆ ಯಾವ ತಂತಿ ಇತ್ತು? ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಯಂತ್ರದ ಮುಂದೆ ನಿಂತು ಅವನ ಕಾಯಿ ತೆಗೆದುಕೊಂಡಿದ್ದರು.

ಹುಬ್ಬಳ್ಳಿಯಲ್ಲಿ ಪ್ರಭುಲಿಂಗಪ್ಪನಿಗೆ ಪೇಸ್‌ಮೇಕರ್ ಹಾಕಿದರು. ಎಡಗಡೆ ಭುಜದ ಎಲುಬಿನ ಕೆಳಗೆ, ಚರ್ಮದೊಳಗೆ, ಬೆಂಕಿಪೆಟ್ಟಿಗೆಗಿಂತ ತುಸು ಅಗಲದ ಯಂತ್ರ. ಅದರ ತಂತಿ ರಕ್ತನಾಳದೊಳಗೆ ಇಳಿದು ಹೃದಯಕ್ಕೆ ಮುಟ್ಟಿತು. ಕೆಲವೇ ದಿನಗಳಲ್ಲಿ ಮನುಷ್ಯ ಎದ್ದು ಓಡಾಡಿದ. ಸುದ್ದಿ ಕೇಳಿ ಅಲ್ಲಾಬಕ್ಷ ಗಾಡಿಯ ಮುಂದೆ ನಿಂತೇ ದುವಾ ಮಾಡಿದ. ಹೊಟ್ಟೆಕಿಚ್ಚಿನ ಮನುಷ್ಯ ಅಲ್ಲ ಅವನು. ಅವನ ಆಸೆ ಇದ್ದದ್ದು ಒಂದೇ. ಪ್ರಭುಲಿಂಗಪ್ಪ ಅದೇ ಗಿರಣಿಯಲ್ಲಿ, ಅದೇ ಜನರ ಮುಂದೆ ನಿಂತು, "ಅದು ನನ್ನ ಹೃದಯದ ರೋಗ, ಅಲ್ಲಾಬಕ್ಷನ ಕೈತಪ್ಪು ಅಲ್ಲ" ಎಂದು ಒಮ್ಮೆ ಹೇಳಬೇಕು. ಅಷ್ಟೇ.

"ಹೇಳ್ತಾನ. ಮೈಯಾಗ ಶಕ್ತಿ ಬರಲಿ" ಎಂದ ಹೆಂಡತಿಯ ಮುಂದೆ. ಶರೀಫಾಬಿ ರೊಟ್ಟಿ ಬಡಿಯುತ್ತ, "ಹೇಳೂ ಮನುಷ್ಯಾ ದವಾಖಾನ್ಯಾಗ ಕಣ್ಣ ಬಿಟ್ಟಾಗ ಹೇಳ್ತಿದ್ದ" ಅಂದಳು.

ಬ್ಯಾಡಗಿಯಿಂದ ಮಾತಿನ ಬದಲು ಬೇರೊಂದು ಸುದ್ದಿ ಬಂತು. ಊರಿನವರೊಬ್ಬರು ಅಂಗಿ ಇಸ್ತ್ರಿಗೆ ಕೊಡುತ್ತ ಸಹಜವಾಗಿ ಅಂದರು: "ಪಾಪ ಪ್ರಭುಲಿಂಗಪ್ಪ. ಆಗ ಹೊಡದ ಕರೆಂಟ್ ಒಳಗೊಳಗ ಹೃದಯಾ ಕೆಡಿಸಿತ್ತಂತ. ಈಗ ಮಷೀನ್ ಹಾಕಿಸ್ಕೊಂಡು ಬದುಕೂದಾಗೇತಿ. ನೀನೂ ಏನ ಬೇಕಂತ ಮಾಡಿದ್ದಲ್ಲ ಬಿಡು."

ಅಲ್ಲಾಬಕ್ಷ ಅಂದೇ ಬ್ಯಾಡಗಿಯ ಬಸ್ಸು ಹತ್ತಿದ.

ಪ್ರಭುಲಿಂಗಪ್ಪನ ಪಡಸಾಲೆಯಲ್ಲಿ ನೋಡಲು ಬಂದವರು ತುಂಬಿದ್ದರು. ಅವನು ಅಂಗಿಯ ಗುಂಡಿ ಬಿಚ್ಚಿ, ಚರ್ಮದ ಕೆಳಗಿನ ಉಬ್ಬು ತೋರಿಸುತ್ತಿದ್ದ. "ಮೊಬೈಲ್ ಈ ಕಡೆ ಕಿಸೆದಾಗ ಇಡಂಗಿಲ್ಲ. ವೆಲ್ಡಿಂಗ್ ಮಾಡೂ ಕಡೆ ಸುಳಿಯಂಗಿಲ್ಲ" ಎಂದು, ಹೊಸ ಹೋರಿ ಕೊಂಡವನ ಹಾಗೆ ವಿವರಿಸುತ್ತಿದ್ದ. ಅಲ್ಲಾಬಕ್ಷನನ್ನು ಕಂಡು ಮುಖ ಒಂದು ಗಳಿಗೆ ಇಳಿಯಿತು.

"ಬಾ ಬಕ್ಷ್ಯಾ. ಏ, ಅವಗ ಚಾ ತರ್ರಿ."

ಮೂಲೆಯಲ್ಲಿದ್ದ ಒಬ್ಬ ಕೀಟಲೆಯವನು ಅಂದ: "ಬಾರಪಾ ಮೇಸ್ತ್ರಿ. ಹೊರಗ ನೀ ಹೊಡಿಸಿದ ಕರೆಂಟಿಗೆ ಈಗ ಒಳಗ ಕರೆಂಟ್ ಕುಂದರಿಸ್ಯಾರ ನೋಡು."

ಪಡಸಾಲೆ ನಕ್ಕಿತು. ಅಲ್ಲಾಬಕ್ಷ ನಗುವವರನ್ನು ನೋಡಲಿಲ್ಲ, ಪ್ರಭುಲಿಂಗಪ್ಪನನ್ನು ನೋಡಿದ. ಈಗ ಹೇಳುತ್ತಾನೆ, ಇದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ ಅಂದುಕೊಂಡ. ಪ್ರಭುಲಿಂಗಪ್ಪ ಗುಂಡಿ ಹಾಕಿಕೊಳ್ಳುವುದರಲ್ಲಿ ಮಗ್ನನಾದ. ಒಂದು ಗುಂಡಿಗೆ ಅಷ್ಟು ಹೊತ್ತು ಹಿಡಿಯುತ್ತದೆಯೇ? ಆಮೇಲೆ ತಲೆ ಎತ್ತಿ, "ಈ ಸಲ ಮೆಣಸಿನಕಾಯಿ ರೇಟ್ ಏನ ನಡದೇತಿ?" ಎಂದು ಮಗ್ಗುಲಿನವರನ್ನು ಕೇಳಿದ.

ಚಹ ಬಂತು. ಅಲ್ಲಾಬಕ್ಷ ಅದನ್ನು ಮುಟ್ಟದೆ ಎದ್ದ. ಬಾಗಿಲ ತನಕ ಗದಿಗೆವ್ವ ಹಿಂದೆಯೇ ಬಂದಳು. "ಅವ್ರು ಹಿರಿಯರ ಮುಂದ ಆಗ ಹಂಗ ಅಂದು ಕುಂತಾರೋ ತಮ್ಮಾ. ಈಗ ಹೆಂಗ ತಿರುಗಿಸ್ತಾರ? ಮಾನದ ಪ್ರಶ್ನೆ" ಅಂದಳು. "ನನ್ನದು ಏನಿತ್ತು ವೈನಿ, ಅದು ಮಾನ ಅಲ್ಲನ?" ಎಂದು ಕೇಳಿ ಅವನು ಕೆಳಗಿಳಿದ.

ಮಳೆಗಾಲ ಶುರುವಾದ ಮೇಲೆ ಪ್ರಭುಲಿಂಗಪ್ಪನ ಮಗ ಪ್ರವೀಣಕುಮಾರ ಕಾರು ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದ. ಕೆಟ್ಟ ಹುಡುಗನಲ್ಲ. ಕೈಯಲ್ಲಿ ಹಣ್ಣಿನ ಚೀಲ ಇತ್ತು.

"ಕಾಕಾ, ಒಂದು ಕೆಲಸ ಐತ್ರಿ. ಅಪ್ಪ ಗಿರಣಿಗೆ ಹೋಗಾಕ ಹಟಾ ಹಿಡದಾನ. ಡಾಕ್ಟರ್ ಅಂತಾರ, ಕರೆಂಟ್ ಸೋರೂ ಮಷೀನ್ ಮುಟ್ಟಿದ್ರ ಒಳಗಿನ ಪೇಸ್‌ಮೇಕರ್ ಗೊಂದಲ ಆಗಬೌದು, ಅರ್ಥಿಂಗ್ ಪಕ್ಕಾ ಇರಬೇಕು ಅಂತ. ನೀವ ಬಂದು ನೋಡ್ರಿ. ಬ್ಯಾರೇದವರ ಕೈ ಮ್ಯಾಲ ಅಪ್ಪಗ ನಂಬಿಕಿ ಇಲ್ಲ."

ಅಲ್ಲಾಬಕ್ಷ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಕೆಳಗಿಟ್ಟ. "ನಿಮ್ಮಪ್ಪ ಅಂದನ ಹಂಗ? ನನ್ನ ಕೈ ಮ್ಯಾಲ ನಂಬಿಕಿ ಐತಿ ಅಂತ?"

"ಹೂನ್ರಿ. ಅರ್ಥಿಂಗ್ ಅಂದ್ರ ಅಲ್ಲಾಬಕ್ಷಂದ ಅಂದ."

"ಯಾರ ಮುಂದ ಅಂದ?"

"ಮನ್ಯಾಗ ಅಂದಾನ್ರಿ. ನನ್ನ ಮುಂದ." ಹುಡುಗ ಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಕಾಕಾ, ನಮಗೂ ತಿಳೀತದ ನಿಮಗ ತ್ರಾಸ ಆಗೇತಿ ಅಂತ. ಪೇಟಿಯೊಳಗ ನಮ್ಮದೊಂದು ಮಳಿಗಿ ಖಾಲಿ ಐತಿ. ನಿಮ್ಮ ಹೆಸರಿಲೆ ಕೊಡ್ತೀವಿ, ಮೋಟರ್ ರಿಪೇರಿ ಹಾಕ್ರಿ. ಚಾಚಿನ್ನ ಕರಕೊಂಡು ಊರಿಗೆ ಬರ್ರಿ. ಈ ಬಿಸಲು ಮಳ್ಯಾಗ ಯಾಕ ನಿಂದರ್ತೀರಿ?"

ಊರು, ಮಳಿಗೆ, ಮೋಟಾರು. ಬೆರಳ ತುದಿಗಳಲ್ಲಿ ಹಳೆಯ ಕೆಲಸ ಎದ್ದು ಕೂತ ಹಾಗಾಯಿತು ಅವನಿಗೆ. ಬೇಡ ಅಂತ ಹೇಗೆ ಅನ್ನುವುದು? ಆದರೂ ಒಂದು ಕರಾರು ಹೇಳಿದ: "ಒಳ್ಳೇದು. ನಿಮ್ಮಪ್ಪ ಗಿರಣ್ಯಾಗ ನಿಂತು, ತಂತಿ ತಪ್ಪಲ್ಲ, ನನ್ನ ರೋಗ ಅದು ಅಂತ ಅನ್ನಲಿ. ಹಮಾಲ್ರು, ಗಿರಾಕಿ, ಯಾರ ಇರಲಿ, ಅವರ ಮುಂದ. ಆವತ್ತ ಬರ್ತೀನಿ, ಅರ್ಥಿಂಗ್ ಪುಕ್ಕಟ ಹಾಕಿ ಕೊಡ್ತೀನಿ."

ಪ್ರವೀಣಕುಮಾರ ನೆಲ ನೋಡಿದ. "ಕಾಕಾ, ಅಪ್ಪಗ ಈಗ ಮನಸಿಗೆ ತ್ರಾಸ ಕೊಡಬಾರ್ದ್ರಿ. ಹೃದಯದ ಪೇಶಂಟ್ ಅಲ್ರಿ? ಆಗಿಹೋದ ಮಾತು ಯಾಕ ಕೆದರೂದು? ಮಳಿಗಿ ತಗೋರಿ, ಜನಾ ತಾವ ತಿಳ್ಕೋತಾರ."

"ಏನ ತಿಳ್ಕೋತಾರ?"

"ನಮಗೂ ನಿಮಗೂ ಸಿಟ್ಟಿಲ್ಲ, ನಾವು ನಿಮ್ಮನ್ನ ಮಾಫ್ ಮಾಡೇವಿ ಅಂತ."

ಅಂದ ಮೇಲೆ ಹುಡುಗನಿಗೇ ತಾನು ಏನು ಅಂದೆ ಎಂದು ತಿಳಿಯಿತು. ಆದರೆ ಮಾತು ಹೊರಬಿದ್ದಾಗಿತ್ತು. ಅಲ್ಲಾಬಕ್ಷ ಪೆಟ್ಟಿಗೆಯ ಮುಚ್ಚಳ ತೆಗೆದು ಬೂದಿ ಊದಿದ. ಆಮೇಲೆ ಸಿಟ್ಟಿಲ್ಲದ ಧ್ವನಿಯಲ್ಲಿ ಹೇಳಿದ:

"ಕೇಳು ಪ್ರವೀಣಾ. ಕುಪ್ಪೇಲೂರಿನ ಮಧು ಅಂತ ಒಬ್ಬ ವೈರ್‌ಮ್ಯಾನ್ ಅದಾನ, ಕೈ ಚಲೋ ಐತಿ, ಸುಳ್ಳು ಹೇಳಂಗಿಲ್ಲ. ಇವತ್ತ ಅವನ್ನ ಕರಕೊಂಡು ಹೋಗು. ಅಂವ ಎಲ್ಲಾ ನೋಡಿ ಹೂಂ ಅನ್ನೂ ತನಕ ನಿಮ್ಮಪ್ಪನ್ನ ಮೋಟರಿನ ಮಗ್ಗಲಕ ಬಿಡಬ್ಯಾಡ. ಅಂವ ಬದುಕಬೇಕು, ನೂರು ವರ್ಷ ಬದುಕಬೇಕು. ಇದು ನಾ ನಿಮಗ ಕೊಡೂದು. ನೀವು ನನಗ ಕೊಡೂದು ಏನೂ ಬ್ಯಾಡ. ಮಳಿಗಿ ಒಲ್ಲೆ, ಹಣ್ಣು ಒಲ್ಲೆ, ನಿಮ್ಮ ಮಾಫಿ ಅಂತೂ ಮೊದಲ ಒಲ್ಲೆ. ಮಾಡದ ತಪ್ಪಿಗೆ ಒಮ್ಮೆ ಹೂಂ ಅಂದು ಕೆಟ್ಟೇನಿ, ಇನ್ನೊಮ್ಮೆ ಅನ್ನಂಗಿಲ್ಲ. ಕಾರ್ ತುಸು ಹಿಂದ ತಗೋಪಾ, ಗಿರಾಕಿ ನಿಂತಾರ."